‘ಬೇಡ’ ನುಂಗಿದ ಸೊಲ್ಲು

ಬಾಗಿಲಮ್ಮ ಎಂಬ ಹೆಸರು ಅವಳಿಗೆ ಅಂಟಿದ್ದು ಒಂದು ಜಗಳದಲ್ಲಿ. ‘ಸೊಲ್ಲು’ ತಂತ್ರಾಂಶದ ಗುಂಪಿನಲ್ಲಿ ಯಾವ ಬದಲಾವಣೆ ಜನರ ಕೈಗೆ ಹೋಗಬಹುದು, ಯಾವುದು ಇನ್ನೂ ಕಾಯಬೇಕು ಎಂದು ತೀರ್ಮಾನಿಸುವುದು ಅವಳ ಪಾಲಿನ ಕೆಲಸ. ಒಮ್ಮೆ ಗುಂಪಿನ ಹುಡುಗನೊಬ್ಬ ಬಿಡುಗಡೆಯ ಹಿಂದಿನ ದಿನ ಹೊಸ ಬಣ್ಣದ ಗುಂಡಿಗಳನ್ನು ಹೊತ್ತು ತಂದ. “ಬಾಗಿಲು ಹಾಕಿಯಾಯ್ತು. ಇನ್ನು ತಿದ್ದುಪಡಿಗೆ ಮಾತ್ರ ಜಾಗ, ಹೊಸದು ಮುಂದಿನ ಸಲ,” ಎಂದು ಬರೆದಳು. “ನೀವೇನು ಬಾಗಿಲಮ್ಮನಾ?” ಎಂದು ಅವನು ಕೆರಳಿ ಕೇಳಿದ. “ಹೌದು,” ಎಂದಳು. ಅಲ್ಲಿಗೆ ಜಗಳ ಮುಗಿಯಿತು, ಹೆಸರು ಉಳಿಯಿತು. ಆ ಹುಡುಗನೇ ಮುಂದೆ ಗುಂಪಿನ ಒಳ್ಳೆಯ ಕೆಲಸಗಾರನಾದ. ಅವನಿಗೆ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಅವನ ಮುಖ ನೋಡಿರಲಿಲ್ಲ, ದನಿಯಷ್ಟೇ ಗೊತ್ತು.

ಸೊಲ್ಲು ಮಾಡುವ ಕೆಲಸ ಕೇಳಲು ಸಣ್ಣದು. ಬಾಯಿಂದ ಮಾತು ಹೊರಡದವರು ಅಕ್ಷರ ಒತ್ತಿ ಬರೆಯುತ್ತಾರೆ, ಅದು ಓದಿ ಹೇಳುತ್ತದೆ. ಕಾಸಿಲ್ಲದೆ ಸಿಗುತ್ತದೆ, ಒಳಗೆ ಹೇಗಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬಂದರೆ ತಿದ್ದಬಹುದು. ಊರೂರಲ್ಲಿ ಚದುರಿದ ಹತ್ತಾರು ಜನ ತಮ್ಮ ತಮ್ಮ ಕೆಲಸ ಮುಗಿಸಿ ಬಿಡುವಿನಲ್ಲಿ ಅದನ್ನು ಸಾಕುತ್ತಿದ್ದರು. ಹೊಸದೇನಾದರೂ ಸೇರಿಸಿದಾಗ ಮೊದಲು ಒಂದು ಪರೀಕ್ಷಾ ಆವೃತ್ತಿ ಹೊರಡುತ್ತದೆ. ಧೈರ್ಯವಿದ್ದವರು ಅದನ್ನು ಹಾಕಿಕೊಂಡು ನೋಡಿ ಹುಳುಕು ಹೇಳುತ್ತಾರೆ. ಹುಳುಕೆಲ್ಲ ತೆಗೆದ ಮೇಲೆ ಸ್ಥಿರ ಆವೃತ್ತಿ. ಅದನ್ನು ನಂಬಿ ಬದುಕುವವರಿದ್ದಾರೆ, ಹಾಗಾಗಿ ಬಾಗಿಲಲ್ಲಿ ಒಬ್ಬರು ನಿಲ್ಲಬೇಕು.

ಅವಳು ಹಾಗೆ ನಂಬಿದ ಮನೆಯಿಂದಲೇ ಬಂದವಳು. ಅವಳ ಅಣ್ಣನಿಗೆ ನರಗಳ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ನಾಲಿಗೆ ಸೋತವು. ಉಳಿದ ಒಂದು ಬೆರಳಿನಲ್ಲಿ ಅವನು ಸೊಲ್ಲಿನ ಅಕ್ಷರಗಳನ್ನು ಒಂದೊಂದಾಗಿ ಒತ್ತುತ್ತಿದ್ದ. ಒಂದು ಮಾತು ಮುಗಿಯುವಷ್ಟರಲ್ಲಿ ಹಾಲು ಕಾದು ಉಕ್ಕುತ್ತಿತ್ತು. ಆದರೂ ಆ ಬೆರಳಿನಿಂದಲೇ ಅವನು ತಮಾಷೆ ಮಾಡಿದ, ಬೈದ, ತಂಗಿಯ ಗಂಡನ ಜೊತೆ ಚದುರಂಗದ ವಿಷಯಕ್ಕೆ ವಾದಕ್ಕಿಳಿದ. ಅವನು ಹೋದ ಮೇಲೆ ಅವಳು ಸೊಲ್ಲಿನ ಗುಂಪಿಗೆ ಒಂದು ಸಾಲು ಬರೆದಳು: “ನನ್ನಣ್ಣ ಕಡೆಯ ದಿನದವರೆಗೂ ಮಾತಾಡಿದ. ನಿಮಗೆ ನಾನು ಏನು ಮಾಡಿಕೊಡಬಹುದು?” ಕೋಡ್ ಬರೆಯಲು ಬರದಿದ್ದರೂ ಆಗುವ ಕೆಲಸ ಬಾಗಿಲು ಕಾಯುವುದೊಂದೇ ಇತ್ತು, ಯಾರಿಗೂ ಬೇಡವಾಗಿದ್ದ ಕೆಲಸ. ಕೊಟ್ಟರು. ಹಗಲೆಲ್ಲ ಗಂಡನ ಜೊತೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸಿಗೆ ಅದು ಒಗ್ಗಿತು. ಕೂದಲೆಳೆಯಷ್ಟು ಆಚೀಚೆಯಾದರೂ ಗಿರಾಕಿಗೆ ತಲೆನೋವು ಬರುತ್ತದೆ ಎಂಬುದು ಅವಳಿಗೆ ಹೊಸ ಪಾಠವೇನಲ್ಲ.

ಆ ವರ್ಷ ಗುಬ್ಬಿ ಹೊಸ ದನಿಯೊಂದನ್ನು ಮಾಡಿ ತಂದ. ಅದುವರೆಗಿನ ಸೊಲ್ಲಿನ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಇತ್ತು. ಹೊಸದು ಉಸಿರು ತೆಗೆದುಕೊಳ್ಳುತ್ತಿತ್ತು, ಪ್ರಶ್ನೆ ಕೇಳುವಾಗ ಏರುತ್ತಿತ್ತು. ಮೊದಲ ಸಲ ಕೇಳಿದಾಗ ಬಾಗಿಲಮ್ಮನ ಗಂಡ ಒಳಗಿಂದ “ಯಾರು ಬಂದಿರೋದು?” ಎಂದು ಕೂಗಿದ್ದರು. ಒಂದು ಪರೀಕ್ಷಾ ಆವೃತ್ತಿ ಹೋಯಿತು, ಸಣ್ಣಪುಟ್ಟ ದೂರು ಬಂದವು, ತಿದ್ದಿದರು. ಇನ್ನೊಂದು ಹೋಯಿತು. “ಚೆನ್ನಾಗಿದೆ” ಎಂದು ನಾಲ್ಕಾರು ಮಂದಿ ಬರೆದರು. ಅಷ್ಟರಲ್ಲಿ ಒಂದು ಪುನಶ್ಚೇತನ ಕೇಂದ್ರದವರು ಕೇಳಿಕೊಂಡರು: ಮಾತು ಕಳೆದುಕೊಂಡವರಿಗೆ ಕೊಡಲು ಒಂದಷ್ಟು ಸಾಧನಗಳು ಬಂದಿವೆ, ಹೊಸ ದನಿಯ ಸ್ಥಿರ ಆವೃತ್ತಿಯನ್ನೇ ಹಾಕಿ ಕೊಡುವ ಆಸೆ, ತಿಂಗಳ ಕೊನೆಗೆ ಆಗುತ್ತದೆಯೇ? ಗುಬ್ಬಿ ಕುಣಿದಾಡಿದ. ಬಾಗಿಲಮ್ಮನೂ ದಿನ ಗೊತ್ತುಮಾಡಿದಳು.

ಆ ದಿನಕ್ಕೆ ಇನ್ನು ಒಂದು ವಾರವಿದೆ ಎನ್ನುವಾಗ ಒಂದು ದೂರು ಬಂತು. ಬರೆದವರು ಹಳೆಯ ಪೀಠೋಪಕರಣ, ಪಾತ್ರೆ ಪಡಗ ಹರಾಜು ಕೂಗುತ್ತಿದ್ದವರಂತೆ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಹೋಗಿತ್ತು.

“ನಿಮ್ಮ ಹೊಸ ಸೊಲ್ಲಿನ ದನಿ ಜೇನು. ಒಪ್ಪಿದೆ. ಆದರೆ ಅದು ನನ್ನ ‘ಬೇಡ’ಗಳನ್ನೆಲ್ಲ ನುಂಗುತ್ತಿದೆ. ಸಕ್ಕರೆ ಬೇಡ ಎಂದು ಬರೆದರೆ ಸಕ್ಕರೆ ಎನ್ನುತ್ತದೆ. ನನಗೆ ಸಕ್ಕರೆ ಕಾಯಿಲೆ. ಫ್ಯಾನು ಬೇಡ ಎಂದರೆ ಫ್ಯಾನು ತಿರುಗುತ್ತದೆ. ಮೂವತ್ತು ವರ್ಷ ಊರವರ ಕೈಲಿ ಹೂಂ ಅನ್ನಿಸಿದವನು ನಾನು. ಈಗ ನನ್ನ ಕೈಲಿ ಯಾವುದಕ್ಕೂ ಇಲ್ಲ ಅನ್ನಲಿಕ್ಕಾಗದ ಹಾಗೆ ಮಾಡಿದ್ದೀರಿ.”

ಅವಳಿಗೆ ನಗು ಬಂತು. ಮರುಗಳಿಗೆಯಲ್ಲೇ ನಗು ಆರಿಹೋಯಿತು. ಕನ್ನಡದಲ್ಲಿ ಬೇಡ, ಇಲ್ಲ, ಸಾಕು, ಆಗಲ್ಲ ಎಲ್ಲವೂ ಮಾತಿನ ತುದಿಯಲ್ಲೇ ಕೂತಿರುತ್ತವೆ. ತುದಿ ಕತ್ತರಿಸಿದರೆ ಮಾತು ತಲೆಕೆಳಗಾಗುತ್ತದೆ. ಔಷಧಿ ಬೇಡ ಎನ್ನುವವನಿಗೆ ಔಷಧಿ ಕೊಡುತ್ತಾರೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಾನೇ ಹೊಸ ಆವೃತ್ತಿಯಲ್ಲಿ ಬರೆದು ನೋಡಿದಳು. ಸಕ್ಕರೆ ಬೇಡ. “ಸಕ್ಕರೆ ಬೇಡ,” ಎಂದು ಸ್ಪಷ್ಟವಾಗಿ ನುಡಿಯಿತು. ಗಂಡನ ಕೈಲಿ ಬರೆಸಿದಳು. ಸರಿಯಾಗಿಯೇ ಹೇಳಿತು. ಗುಬ್ಬಿಗೆ ಫೋನ್ ಮಾಡಿದಳು.

“ಅಕ್ಕ, ನಾನೂ ಬೆಳಗ್ಗಿಂದ ಅದನ್ನೇ ಬರೀತಾ ಕೂತಿದೀನಿ. ಒಂದ್ಸಲಾನೂ ನುಂಗಿಲ್ಲ,” ಎಂದ ಅವನು. “ಅವರ ಕಂಪ್ಯೂಟರ್ ಯಾವ ಕಾಲದ್ದೋ ಏನೋ. ಒಬ್ಬರ ಮನೇಲಿ ಹೀಗಾಯ್ತು ಅಂತ ಎಲ್ಲರನ್ನೂ ನಿಲ್ಲಿಸೋಕಾಗತ್ತಾ?”

“ನಿಲ್ಲಿಸ್ತೀನಿ ಅಂತ ಎಲ್ಲಿ ಹೇಳ್ದೆ? ಇನ್ನೊಂದು ದಾರಿ ಇದೆ. ಈ ಸಲ ಹಳೇ ದನೀಲೇ ಸ್ಥಿರ ಆವೃತ್ತಿ ಬಿಡೋಣ. ಹೊಸ ದನಿ ಮುಂದಿನ ಸಲಕ್ಕೆ ಇರಲಿ.”

“ಎರಡು ವರ್ಷ ಇದರಲ್ಲೇ ಮುಳುಗಿದ್ದೆ ಅಕ್ಕ,” ಎಂದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳಿಗೆ ಸುಲಭವಿತ್ತು.

ಅಂದು ಊಟದ ಹೊತ್ತಿಗೆ ಗಂಡನೆದುರು ಎಲ್ಲವನ್ನೂ ಹೇಳಿಕೊಂಡಳು. ಅತ್ತ ದರಿ ಇತ್ತ ಪುಲಿ. ಬಿಟ್ಟರೆ ಯಾರದೋ ಮಾತಿಗೆ ಕತ್ತರಿ, ತಡೆದರೆ ಗುಬ್ಬಿಯ ಮನಸ್ಸಿಗೆ.

“ಗಿರಾಕಿ ಬಂದು ಕನ್ನಡಕ ಸರಿಯಿಲ್ಲ ಅಂದ್ರೆ ನಾವೇನ್ಮಾಡ್ತೀವಿ?” ಎಂದು ಗಂಡ ಕೇಳಿದರು. “ಇಲ್ಲಿ ಸರಿಯಾಗೇ ಇದೆ ಅಂತ ವಾಪಸ್ ಕಳಿಸ್ತೀವಾ? ಅವರ ಮೂಗಿನ ಮೇಲೆ ಇಟ್ಟು ನೋಡ್ತೀವಿ. ಹೋಗಿ ನೋಡ್ಕೊಂಡು ಬಾ. ಅಂಗಡಿ ನಾನು ನೋಡ್ಕೋತೀನಿ.”

“ಅಷ್ಟು ದೂರ?”

“ರೈಲು ಓಡೋದು ಯಾಕೆ ಮತ್ತೆ?”

ಹರಾಜಿನವರ ಮನೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಅವರ ಹೆಂಡತಿ ಅಗಲ ಮುಖದ, ಬೆಳ್ಳಿ ಕೂದಲಿನ ಹೆಂಗಸು. ದೂರು ಕೊಟ್ಟರೆ ಜನ ಮನೆಗೇ ಬರುತ್ತಾರೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. “ಅಯ್ಯೋ, ಇವರು ಏನಾದ್ರೂ ಕೆಟ್ಟದಾಗಿ ಬರೆದ್ರಾ ತಾಯಿ? ದನಿ ಇದ್ದಾಗಲೂ ಹೀಗೇ, ಹಿಂದೆಮುಂದೆ ನೋಡಲ್ಲ,” ಎಂದು ಗಾಬರಿಯಾದರು. ಒಳಗೆ ಕುರ್ಚಿ, ಗಡಿಯಾರ, ಕನ್ನಡಿ, ಕಂಚಿನ ದೀಪಗಳು ಒಂದರ ಮೇಲೊಂದು ಬಿದ್ದಿದ್ದವು. ಯಾರೂ ಕೂಗದೆ ಉಳಿದ ಸರಕನ್ನೆಲ್ಲ ಹರಾಜಿನವರು ತಾವೇ ಕೊಂಡು ತಂದು ತುಂಬಿದ್ದರಂತೆ.

ಅವುಗಳ ನಡುವೆ ಸಣಕಲು ಮೈಯ, ಉದ್ದ ಬೆರಳುಗಳ ಮನುಷ್ಯ ಕೂತಿದ್ದರು. ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿತ್ತು. ಅವಳನ್ನು ಕಂಡೊಡನೆ ಅವರ ಬೆರಳು ಕೀಲಿಮಣೆಯ ಮೇಲೆ ಓಡಿತು.

“ಬನ್ನಿ ಬನ್ನಿ, ಬಾಗಿಲಮ್ಮನೇ ಬಾಗಿಲಿಗೆ,” ಎಂದಿತು ಸೊಲ್ಲು. ಅಷ್ಟಕ್ಕೇ ನಿಂತಿತು.

“ಬಾಗಿಲಿಗೆ ಬಂದಿದಾರೆ ಅಂತ ಬರೆದಿದಾರೆ, ನೋಡಿ, ‘ಬಂದಿದಾರೆ’ ನುಂಗಿಬಿಡ್ತು,” ಎಂದು ಹೆಂಡತಿ ಪರದೆ ತೋರಿಸಿದರು.

ಇಷ್ಟು ದಿನ ಎಲ್ಲೂ ಕಾಣದ ಕಳ್ಳ ಕಣ್ಣೆದುರೇ ಓಡಾಡುತ್ತಿದ್ದ. ಅವರ ಜಾಗದಲ್ಲಿ ತಾನು ಕೂತು, ಅದೇ ಯಂತ್ರದಲ್ಲಿ ಅದೇ ಮಾತು ಬರೆದಳು. ಪೂರ್ತಿಯಾಗಿ ಹೇಳಿತು. ಅವರು ಬರೆದರು. ನುಂಗಿತು. ಹೆಂಡತಿ ಒಂದು ಬೆರಳಲ್ಲಿ ಕುಟ್ಟಿದರು. ಹೇಳಿತು.

“ನೋಡಿ, ನಿಮ್ಮ ಯಂತ್ರಕ್ಕೂ ನನ್ನ ಕಂಡ್ರೆ ಆಗಲ್ಲ,” ಎಂದು ಬರೆದರು ಹರಾಜಿನವರು. ಯಂತ್ರ “ನೋಡಿ, ನಿಮ್ಮ ಯಂತ್ರಕ್ಕೂ ನನ್ನ ಕಂಡ್ರೆ” ಎಂದಿತು. ಮೂವರೂ ನಕ್ಕರು. ಅವರ ನಗುವಿಗೆ ದನಿಯಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಕಾರಣ ಸಿಕ್ಕಿದ್ದು ಚಹಾ ಕುಡಿಯುವಾಗ. ಅವಳು ಪರದೆ ನೋಡುವುದನ್ನು ಬಿಟ್ಟು ಸುಮ್ಮನೆ ಗಂಡಹೆಂಡಿರ ಮಾತುಕತೆ ಕೇಳುತ್ತ ಕೂತಿದ್ದಳು. ಹೆಂಡತಿ ಏನೋ ಒಂದು ಹೇಳುವರು. ಅವರು ಬರೆದು ಒತ್ತುವರು. ಸೊಲ್ಲು ಇನ್ನೂ ನುಡಿಯುತ್ತಿರುವಾಗಲೇ ಅವರ ಬೆರಳು ಮುಂದಿನ ಮಾತಿಗೆ ಹಾರಿರುತ್ತಿತ್ತು. ಹೆಂಡತಿ ಕಾಯುವವರಲ್ಲ, ವಿಷಯ ಆಗಲೇ ಪಕ್ಕದ ಮನೆಗೆ ಹೋಗಿರುತ್ತಿತ್ತು. ಹಿಂದೆ ಬಿದ್ದರೆ ಮಾತು ತಪ್ಪಿಹೋಗುತ್ತದೆ. ಹರಾಜಿನಲ್ಲಿ ಬೆಳೆದ ಬೆರಳು, ತಡೆಯದು. ಅವರು ಮುಂದಿನ ಅಕ್ಷರ ಒತ್ತಿದ ಕ್ಷಣಕ್ಕೇ ಹಿಂದಿನ ಮಾತಿನ ಬಾಲ ಕತ್ತರಿಸಿ ಬೀಳುತ್ತಿತ್ತು.

“ಇವರು ಕಾಯಲ್ಲ!” ಎಂದು ಅವಳು ಎದ್ದು ನಿಂತೇಬಿಟ್ಟಳು.

“ಮದುವೆ ಆದಾಗಿಂದ ಅದನ್ನೇ ಹೇಳ್ತಾ ಬಂದಿದೀನಿ ನಾನು,” ಎಂದರು ಹೆಂಡತಿ.

ಅವಳು, ಗುಬ್ಬಿ, ಗಂಡ, “ಚೆನ್ನಾಗಿದೆ” ಎಂದು ಬರೆದ ನಾಲ್ಕಾರು ಮಂದಿ ಎಲ್ಲರೂ ಬಾಯಿ ಇದ್ದವರು. ಬರೆದು, ಕೈ ಕಟ್ಟಿ, ಯಂತ್ರ ಹೇಗೆ ನುಡಿಯುತ್ತದೆಂದು ಮರ್ಯಾದೆಯಿಂದ ಕೇಳಿಸಿಕೊಂಡವರು. ಅವಳು ಕಂಡಿದ್ದ ಒಬ್ಬನೇ ಬಳಕೆದಾರ ಅಣ್ಣ. ಅವನ ಒಂದು ಬೆರಳಿಗೆ ಅವಸರವೆಂಬುದೇ ಸಾಧ್ಯವಿರಲಿಲ್ಲ. ಮಾತೇ ಹೋದವರು ಮಾತಿನ ಸಂತೆಯಲ್ಲಿ ಎಷ್ಟು ಓಡಬೇಕಾಗುತ್ತದೆ ಎಂದು ಅವರ್ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಂದಲೇ ಗುಬ್ಬಿಗೆ ಫೋನ್ ಹಚ್ಚಿ ಹೇಳಿದಳು. ಅವನು ಅತ್ತ ಕೀಲಿಮಣೆ ಕುಟ್ಟುವುದು ಕೇಳಿಸಿತು. “ಅಯ್ಯೋ ದೇವರೇ, ನುಂಗ್ತು ಅಕ್ಕ. ನುಂಗ್ತು!” ಎಂದು ಕೂಗಿದ. ಸೋತವನ ಕೂಗಲ್ಲ ಅದು, ಕಳೆದ ಬೀಗದ ಕೈ ಸಿಕ್ಕವನದು. “ಅವರಿಗೆ ಹೇಳಿ, ನಾನು ಒಬ್ಬರ ಮನೇದು ಅಂತ ಅಸಡ್ಡೆ ಮಾಡಿದ್ದೆ, ಬೇಜಾರು ಮಾಡ್ಕೋಬೇಡಿ ಅಂತ.”

“ನೀನೇ ಹೇಳು,” ಎಂದು ಫೋನನ್ನು ಹರಾಜಿನವರ ಕಿವಿಗೆ ಹಿಡಿದಳು. ಗುಬ್ಬಿ ಏನೇನು ಹೇಳಿದನೋ. ಹರಾಜಿನವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಬೆರಳಾಡಿಸಿ, ಮಾತು ಮುಗಿಯುವ ತನಕ ಈ ಸಲ ಕೈಯನ್ನು ಬೇಕೆಂದೇ ಮೇಲೆತ್ತಿ ಹಿಡಿದರು. “ಮಗೂ, ಈ ದನಿ ಬಂದ ದಿನ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ನನ್ನದೇ ದನಿ ವಾಪಸ್ ಬಂತು ಅಂದ್ಕೊಂಡಿದ್ದಳು. ನಿನಗೆ ನಾನು ಏನು ಬೈಯಲಿ?”

ಅತ್ತ ಗುಬ್ಬಿ ಮತ್ತೆ ಕೀಲಿಮಣೆ ಕುಟ್ಟತೊಡಗಿದ್ದು ಕೇಳಿಸಿತು.

ಹೊರಡುವ ಮುಂಚೆ ಅವಳು ಅವರ ಯಂತ್ರದಲ್ಲಿ ಹಳೆಯ ಸ್ಥಿರ ಆವೃತ್ತಿಯನ್ನು ಮತ್ತೆ ಹಾಕಿದಳು. ಅವರು ಹೊಸದನ್ನು ಹಾಕುವಾಗ ಹಳೆಯದನ್ನು ಅಳಿಸಿಬಿಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹಾರುವುದು ಹೇಗೆಂದು ತೋರಿಸಿದಳು. “ಡಾಕ್ಟರ ಹತ್ರ, ಔಷಧಿ ಅಂಗಡೀಲಿ, ರಸ್ತೇಲಿ ಹಳೇದೇ ಇರಲಿ ಅಪ್ಪಾಜಿ. ದನಿ ತಗಡಾದ್ರೂ ಮಾತು ಪೂರ್ತಿ ಬರತ್ತೆ. ಹೊಸದು ಮನೇಲಿ ಮಾತ್ರ.”

“ವ್ಯವಹಾರಕ್ಕೆ ಹಳೇದು, ಸಂಸಾರಕ್ಕೆ ಹೊಸದು,” ಎಂದಿತು ತಗಡಿನ ದನಿ. “ಅಂದ್ರೆ ನನ್ನ ಮೇಲೆ ಪರೀಕ್ಷೆ ಮಾಡಿ ಅಂತ!” ಎಂದು ಹೆಂಡತಿ ಸೊಂಟಕ್ಕೆ ಕೈಯಿಟ್ಟರು.

ಊರಿಗೆ ಬಂದವಳೇ ಗುಂಪಿನ ಪುಟದಲ್ಲಿ ಕಾರಣ ಬಿಡಿಸಿ ಬರೆದಳು; ಸ್ಥಿರ ಆವೃತ್ತಿ ತಡವಾಗುತ್ತದೆ ಎಂದಳು. ಪುನಶ್ಚೇತನ ಕೇಂದ್ರಕ್ಕೆ ಫೋನ್ ಮಾಡುವ ಮುಂಚೆ ಮಾತ್ರ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಅಲ್ಲಿಯ ಮೇಲ್ವಿಚಾರಕಿ ಎಲ್ಲವನ್ನೂ ಕೇಳಿ, “ನಮ್ಮವರು ಇಲ್ಲ ಅಂದಾಗ ಅದು ಹೂಂ ಅನ್ನೋದಾದ್ರೆ ನಮಗೆ ಬೇಡವೇ ಬೇಡ. ಆಗಿಲ್ಲ ಅಂತ ಈಗಲೇ ಹೇಳಿದ್ರಲ್ಲ, ಒಳ್ಳೇದಾಯ್ತು. ಕಾಯ್ತೀವಿ. ಅಲ್ಲೀವರೆಗೆ ಹಳೇದನ್ನೇ ಹಾಕಿ ಕೊಡ್ತೀವಿ,” ಎಂದರು. ಫೋನ್ ಇಟ್ಟ ಮೇಲೆ ಬಾಗಿಲಮ್ಮ ಗಾಜು ಉಜ್ಜುವ ಯಂತ್ರದ ಮುಂದೆ ಸುಮ್ಮನೆ ಕೂತಳು. ಜನ ಇಷ್ಟು ಒಳ್ಳೆಯವರಿರುತ್ತಾರೆ ಎಂದು ಲೆಕ್ಕ ಹಾಕದೆಯೇ ತಾನು ವಾರವೆಲ್ಲ ನಿದ್ದೆಗೆಟ್ಟಿದ್ದೆನಲ್ಲ ಎನಿಸಿತು.

ಗುಬ್ಬಿಯ ತಿದ್ದುಪಡಿ ಎರಡೇ ದಿನದಲ್ಲಿ ಬಂತು. ಅದನ್ನೂ ಅವಳು ನೇರ ಒಳಗೆ ಬಿಡಲಿಲ್ಲ. ಮತ್ತೊಂದು ಪರೀಕ್ಷಾ ಆವೃತ್ತಿಯಾಗಿ ಹೊರಡಿಸಿದಳು. ತಿದ್ದಿದ್ದೇ ಹೊಸ ತಪ್ಪಾಗುವುದು ಅವಳಿಗೆ ಗೊತ್ತಿತ್ತು. ಆದದ್ದೂ ಹಾಗೆಯೇ. ಮರುದಿನ ಹರಾಜಿನವರ ವರದಿ ಬಂತು:

“ಮೊದಲು ಮಾತು ನುಂಗುತ್ತಿತ್ತು. ಈಗ ಬಾಯಿ ಮುಚ್ಚಿಸಲಿಕ್ಕೆ ಆಗುತ್ತಿಲ್ಲ. ನಿಲ್ಲಿಸುವ ಗುಂಡಿ ಒತ್ತಿದರೂ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಸುಮ್ಮನಾಗುತ್ತದೆ. ಥೇಟ್ ದನಿಯಿದ್ದಾಗಿನ ನನ್ನ ಹಾಗೇ ಆಯ್ತು ಎನ್ನುತ್ತಾಳೆ ನನ್ನ ಹೆಂಡತಿ. ಆದರೂ ತಿದ್ದಿ.”

ಆ ವರದಿಯನ್ನು ಗುಂಪಿನಲ್ಲಿ ಓದದವರಿಲ್ಲ. ಅದಕ್ಕಿಂತ ದೊಡ್ಡದು ಆಮೇಲೆ ಆಯಿತು. ಗಂಟಲು ಚಿಕಿತ್ಸೆಯಾದವರ ಕೂಟವೊಂದಕ್ಕೆ ಹರಾಜಿನವರು ವಾರವಾರ ಹೋಗುತ್ತಿದ್ದರು. ಅಲ್ಲಿದ್ದವರಿಗೆಲ್ಲ ಎರಡು ಆವೃತ್ತಿ ಅಕ್ಕಪಕ್ಕ ಇಟ್ಟುಕೊಳ್ಳುವುದನ್ನು ತಾವೇ ಕಲಿಸಿದರು. ಒಬ್ಬರೇ ಕೂತು ಬರೆಯಕೂಡದು, ಜೊತೆಗೆ ಬಾಯಿರುವ ಯಾರಾದರೂ ಇರಬೇಕು, ಸಾಧ್ಯವಾದರೆ ಜಗಳವಾಡಬೇಕು ಎಂಬುದು ಅವರ ಕಟ್ಟಳೆ. ಒಬ್ಬ ನಿವೃತ್ತ ನರ್ಸ್, ಒಬ್ಬ ದರ್ಜಿ, ಮೊಮ್ಮಗಳ ಜೊತೆ ಇಸ್ಪೀಟಾಡುವ ಒಬ್ಬ ಅಜ್ಜಿ, ಹೀಗೆ ಎಲ್ಲ ಕಡೆಯಿಂದ ವರದಿ ಬರತೊಡಗಿದವು. ಸಣ್ಣ ಹುಳುಕುಗಳು ಹೊರಬಿದ್ದವು. ಗುಬ್ಬಿ ಒಂದೊಂದನ್ನೇ ಹೆಕ್ಕಿದ. ಮುಂಚೆ ದೂರು ಬಂದರೆ ದನಿ ಸಣ್ಣ ಮಾಡುತ್ತಿದ್ದವನು ಈಗ “ಇವತ್ತು ಇಸ್ಪೀಟಜ್ಜಿ ಏನಂದ್ರು?” ಎಂದು ತಾನೇ ಕೇಳುತ್ತಿದ್ದ.

ಒಂದು ವಾರ ದೂರು ಬರಲಿಲ್ಲ. ಮೊದಲಾಗಿದ್ದರೆ ಬಾಗಿಲಮ್ಮ ಅಷ್ಟಕ್ಕೇ ಸಮಾಧಾನಪಡುತ್ತಿದ್ದಳು. ಈಗ ಒಬ್ಬೊಬ್ಬರನ್ನೂ ಕೇಳಿದಳು: ಬಳಸಿದಿರಾ, ಎಲ್ಲಿ, ಯಾರ ಜೊತೆ? ಬಳಸಿದ್ದರು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಸೊಸೆಯ ಜೊತೆ. ದೂರಿಲ್ಲ ಎಂದರೆ ನಿಜವಾಗಿಯೂ ದೂರಿಲ್ಲ.

ಬಿಡುಗಡೆ ಒಂದು ಭಾನುವಾರ ಬೆಳಗ್ಗೆ, ಅಂಗಡಿಗೆ ರಜೆಯಿದ್ದಾಗ. ಗಂಡ ಪಕ್ಕದಲ್ಲೇ ಕೂತಿದ್ದರು. ಆವೃತ್ತಿಯ ಜೊತೆ ಹೋಗುವ ಟಿಪ್ಪಣಿಯಲ್ಲಿ ಹೊಸದೇನು ಎಂದು ಬರೆಯುವುದು ಬೇಗ ಮುಗಿಯಿತು. ಯಾರಿಗೆ ಕೃತಜ್ಞತೆ ಎಂಬಲ್ಲಿ ಅವಳು ಸಿಕ್ಕಿಕೊಂಡಳು. ಬರೆದಷ್ಟೂ ಇನ್ನೊಬ್ಬರು ನೆನಪಾಗುತ್ತಿದ್ದರು. ದನಿ ಮಾಡಿದವನು, ಕಾದ ಮೇಲ್ವಿಚಾರಕಿ, ಸಕ್ಕರೆ ಹಾಕಿದ ಚಹಾ ಕುಡಿದೂ ಸುಮ್ಮನಿರದೆ ಬರೆದವರು, ಅವರ ಜೊತೆ ದಿನವೂ ಮಾತಿಗೆ ಮಾತು ಕೊಟ್ಟು ಪರೀಕ್ಷೆಗೆ ಒಡ್ಡಿಕೊಂಡ ಹೆಂಡತಿ, ಅಣ್ಣನ ಕಾಲದಲ್ಲಿ ಈ ಬಾಗಿಲು ಕಾದ, ಅವಳಿಗೆ ಗೊತ್ತೇ ಇಲ್ಲದ ಯಾರೋ. ಆಗಲೂ ಹೀಗೇ ಯಾರೋ ಒಬ್ಬರು ಹುಳುಕು ಹಿಡಿದು, ಇನ್ಯಾರೋ ತಡೆದು, ಮತ್ಯಾರೋ ತಿದ್ದಿರಬೇಕಲ್ಲ. ಅದರಿಂದ ತಾನೇ ಅಣ್ಣನ ಒಂದು ಮಾತೂ ಅರ್ಧಕ್ಕೆ ನಿಲ್ಲದಿದ್ದದ್ದು.

“ಎಲ್ಲರನ್ನೂ ಬರೀ,” ಎಂದರು ಗಂಡ. “ಜಾಗಕ್ಕೇನು ಬರ?”

ಬರೆದಳು. ಒತ್ತಿದಳು. ಸ್ಥಿರ ಆವೃತ್ತಿ ಹೋಯಿತು.

ಮುಂದಿನ ವಾರ ಕೇಂದ್ರದಲ್ಲಿ ಸಾಧನಗಳಿಗೆಲ್ಲ ಹೊಸ ದನಿ ಬಂತು. ಲಕ್ವ ಹೊಡೆದು ಮಾತು ನಿಂತಿದ್ದ ಒಬ್ಬ ಡ್ರೈವರ್ ಮೊದಲು ಬರೆದದ್ದು ತನ್ನ ಹೆಂಡತಿಯ ಹೆಸರಂತೆ. ಆಕೆ ಇನ್ನೊಂದು ಸಲ ಅನ್ನಿ, ಇನ್ನೊಂದು ಸಲ ಅನ್ನಿ ಎಂದು ಸಾಯಂಕಾಲದವರೆಗೂ ಅನ್ನಿಸಿದರಂತೆ. ಮೇಲ್ವಿಚಾರಕಿ ಇದನ್ನು ಹೇಳುವಾಗ ಬಾಗಿಲಮ್ಮ ಒಬ್ಬ ಗಿರಾಕಿಯ ಕನ್ನಡಕಕ್ಕೆ ತಿರುಪು ಬಿಗಿಯುತ್ತಿದ್ದಳು. ತಿರುಪು ಎರಡು ಸಲ ಕೈಜಾರಿತು.

ಗುಬ್ಬಿ ಫೋನ್ ಮಾಡಿದ. “ಅಕ್ಕ, ನಾನು ಹರಾಜಿನವರ ಮನೆಗೆ ಹೋಗ್ಬೇಕು ಅಂತಿದೀನಿ. ಅವರೇ ಕರೆದ್ರು. ಕೈಲಿ ಏನು ತಗೊಂಡ್ಹೋಗ್ಲಿ?”

“ಸಿಹಿ ಮಾತ್ರ ಬೇಡ. ಪುರುಸೊತ್ತು ಮಾಡ್ಕೊಂಡು ಹೋಗು ಮಾರಾಯ. ಬೇಗ ಬಿಡಲ್ಲ ಅವರು.”

ಬೆಳಗ್ಗೆ ಹೋದವನು ಕತ್ತಲಾಗುವ ಹೊತ್ತಿಗೆ ಹೊರಬಿದ್ದನಂತೆ, ಯಾರೂ ಕೊಳ್ಳದ ಒಂದು ಕಾಲು ಮುರಿದ ಸ್ಟೂಲನ್ನು ಕೊಂಡು, ಅದೂ ಬೆಲೆ ಏರಿಸಿ ಏರಿಸಿ. ರೈಲಿನಿಂದಲೇ ಅವಳಿಗೆ ಹೇಳಿದ: “ಎದುರಿಗೆ ಬೇರೆ ಯಾರೂ ಕೂಗೋರಿಲ್ಲ ಅಕ್ಕ, ನಾನೊಬ್ಬನೇ! ಆದ್ರೂ ಹ್ಯಾಗೋ ಏರಿಸ್ಬಿಟ್ರು.” ಅವನ ಹಿಂದೆ ರೈಲಿನ ಸದ್ದು, ಚಹಾ ಮಾರುವವರ ಕೂಗು. ಆಮೇಲೆ ಮೆಲ್ಲಗೆ, “ನಾನು ಮಾಡಿದ ದನೀಲಿ ಒಬ್ಬರು ಎದುರಿಗೆ ಕೂತು ನಗಿಸಿದ್ದು ಇದೇ ಮೊದಲು ಅಕ್ಕ. ಅವತ್ತು ನೀವು ನಿಲ್ಲಿಸಿದ್ರಲ್ಲ, ಥ್ಯಾಂಕ್ಸ್,” ಎಂದ.

“ಸರಿ ಸರಿ, ಸ್ಟೂಲು ಯಾರ ಕಾಲ ಮೇಲೂ ಬೀಳದ ಹಾಗೆ ಹಿಡ್ಕೊ,” ಎಂದಳು ಬಾಗಿಲಮ್ಮ.